ಹಿಂದಿನ ಸೀಟಿನ ಮೇಲೆ ಚಾದರದ ಗಂಟು

“ಕಾಕಾ, ಸಿಂಗಲ್ ಕೀ ಡಬಲ್ ಸೀಟ್?”

ಕೇಳಿದ್ದು ಬೈಕ್ ಶೋರೂಂನ ಸರ್ವಿಸ್ ಕೌಂಟರಿನಲ್ಲಿ ಕೂತಿದ್ದ ಹುಡುಗಿ. ಗಾಡಿಯ ಮೇಲೆ ನೀವೊಬ್ಬರೇ ಓಡಾಡುತ್ತೀರೋ, ಹಿಂದೆ ಇನ್ನೊಬ್ಬರು ಕೂರುತ್ತಾರೋ ಎಂದು ಅರ್ಥ. ಟೈರಿಗೆ ಗಾಳಿ ಎಷ್ಟು ತುಂಬಬೇಕು, ಹಿಂದಿನ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆಯಂತೆ. ಬಂದವರಿಗೆಲ್ಲ ಕೇಳುವ ಪ್ರಶ್ನೆ. ನನಗಿಂತ ಮುಂದೆ ನಿಂತಿದ್ದವನು ಮೊಬೈಲಿನಿಂದ ತಲೆ ಎತ್ತದೆಯೇ “ಸಿಂಗಲ್” ಎಂದು ಮುಗಿಸಿದ್ದ.

ನಾನು ಮಾತ್ರ ಗಾಡಿಯ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ.

ಆಕೆ ಇನ್ನೊಮ್ಮೆ ಕೇಳಿದಳು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ “ಡಬಲ್” ಎಂದೆ. ಆಕೆ ಟಪ್ ಎಂದು ಬಟನ್ ಒತ್ತಿದಳು. ಸುಳ್ಳು ಕಂಪ್ಯೂಟರಿಗೆ ಹೋಯಿತು.

ಅದಿರಲಿ, ನಾನು ಶೋರೂಂನಲ್ಲಿ ಏನು ಮಾಡುತ್ತಿದ್ದೆ? ನೀವು ಹುಬ್ಬೇರಿಸಿದ್ದೀರಿ, ಗೊತ್ತು. ನಮ್ಮ ಗಾಡಿ ನಾವೇ ಬಿಚ್ಚಬೇಕು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಭಾಷಣ ಬಿಗಿದಿಲ್ಲ ನಾನು? ಆಯಿಲ್ ಬದಲಿಸುವುದು, ಪ್ಲಗ್ ಒರೆಸುವುದು, ಚೈನ್ ಬಿಗಿ ಮಾಡುವುದು, ಇಷ್ಟಕ್ಕೆಲ್ಲ ದುಡ್ಡು ಕೊಟ್ಟು ಬೇರೆಯವರ ಮುಂದೆ ಕೈಕಟ್ಟಿ ನಿಲ್ಲಬೇಕೇ ಎಂದು. ಅಂಥವನು ಹೋದ ವಾರ ಸೋಮವಾರ ಎಸಿ ಹಾಕಿದ ಗಾಜಿನ ಕೋಣೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ನಕ್ಕುಬಿಡಿ. ನಕ್ಕಾದ ಮೇಲೆ ಮುಂದೆ ಓದಿ.

ಹೊಸ ಓದುಗರಿಗೆ ಸ್ವಲ್ಪ ಪರಿಚಯ. ಸೋಲಾಪುರದಲ್ಲಿ ನನ್ನದು ಚಾದರ, ಟವೆಲ್‌ಗಳ ಅಂಗಡಿ. ಅಪ್ಪ ಇಟ್ಟದ್ದು, ನಾನು ನಡೆಸಿಕೊಂಡು ಬಂದದ್ದು. ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬೈಕಿನ ಮೇಲೆ ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಗಳ ದರ್ಶನ ಮಾಡಿ ಬರುವುದು ನಮ್ಮ ಮನೆಯ ರೂಢಿ. ಮುಂದೆ ನಾನು, ಹಿಂದೆ ಹೆಂಡತಿ ಶಶಿಕಲಾ. ಹೋಗುವಾಗ ಆಕೆ ಮಾತಾಡುತ್ತಿದ್ದಳು, ಬರುವಾಗಲೂ ಆಕೆಯೇ ಮಾತಾಡುತ್ತಿದ್ದಳು. ಗಾಳಿಯಲ್ಲಿ ಅರ್ಧ ಕೇಳುತ್ತಿರಲಿಲ್ಲ. ನಾನು ಎಲ್ಲದಕ್ಕೂ “ಹೂಂ” ಎನ್ನುತ್ತಿದ್ದೆ.

ಗುರುವಾರ ಗಾಡಿ ಓಡಬೇಕಾದರೆ ಭಾನುವಾರ ಬಿಚ್ಚಬೇಕು. ಮನೆಯ ಮುಂದೆ ಓಣಿಯಲ್ಲಿ ಹಳೆಯ ಚಾದರ ಹಾಸಿ ಕೂರುತ್ತಿದ್ದೆ. ಚೈನಿನ ಬಿಗಿಯನ್ನು ಖಾಲಿ ಗಾಡಿಯಲ್ಲಿ ನೋಡಬಾರದು, ಮೇಲೆ ಜನ ಕೂತಾಗಲೇ ನೋಡಬೇಕು ಎಂಬುದು ನನ್ನ ಸಿದ್ಧಾಂತ. ಹೀಗಾಗಿ ಶಶಿಕಲಾಳಿಗೆ ಭಾನುವಾರದ ಡ್ಯೂಟಿ ಖಾಯಂ. ಆಕೆ ಸೀಟಿನ ಮೇಲೆ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಕೆಳಗೆ ಕೂತು ಚೈನು ಎತ್ತಿ ನೋಡುತ್ತಿದ್ದೆ. ಮೆಂತ್ಯೆಯ ಕಡ್ಡಿಗಳು ನನ್ನ ತಲೆಯ ಮೇಲೆ ಬೀಳುತ್ತಿದ್ದವು. (ಬೇಕೆಂದೇ ಬೀಳಿಸುತ್ತಿದ್ದಳು ಎಂಬ ಅನುಮಾನ ನನಗೆ ಈಗಲೂ ಇದೆ.)

ಓಣಿಯಲ್ಲಿ ಗಾಡಿ ಬಿಚ್ಚಿದರೆ ಸಲಹೆಗಾರರಿಗೆ ಬರವೇ? ಒಬ್ಬರು ಕಾರ್ಬೊರೇಟರ್ ಎನ್ನುವರು, ಇನ್ನೊಬ್ಬರು ಪ್ಲಗ್ ಎನ್ನುವರು. ಎದುರು ಮನೆಯ ಬಿರಾಜದಾರ ಮಾಸ್ತರರು ಏನೂ ತಿಳಿಯದಿದ್ದರೂ “ಅದನ್ನ ಸ್ವಲ್ಪ ಸಡ್ಲ ಮಾಡ್ರಿ” ಎನ್ನುವರು. ಯಾವುದನ್ನು ಎಂದು ಯಾವತ್ತೂ ಹೇಳಿದವರಲ್ಲ. ಎಲ್ಲರಿಗೂ ಶಶಿಕಲಾ ಚಹಾ ಮಾಡುತ್ತಿದ್ದಳು. ನನ್ನ ರಿಪೇರಿ ಜ್ಞಾನಕ್ಕೆ ಇಷ್ಟು ಜನ ಸೇರುತ್ತಾರಲ್ಲ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಅವರು ಸೇರುತ್ತಿದ್ದದ್ದು ಚಹಾಕ್ಕೆ ಎಂದು ತಿಳಿಯಲು ಆಕೆ ಪುಣೆಗೆ ಹೋಗಬೇಕಾಯಿತು.

ಮಗಳು ಅಶ್ವಿನಿ ಪುಣೆಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಬಾಣಂತನ ನಮ್ಮ ಮನೆಯಲ್ಲೇ ಆಯಿತು. ರಜೆ ಮುಗಿದು ಮಗಳು ಕೂಸಿನೊಂದಿಗೆ ಹೊರಟಾಗ ಶಶಿಕಲಾಳೂ ಜೊತೆಗೆ ಹೊರಟಳು. “ಕೂಸು ನೋಡ್ಕೊಳ್ಳೋ ಪಾಳಣಾಘರಕ್ಕ ಹಾಕೂದು ಬ್ಯಾಡ, ಸ್ವಲ್ಪ ನಡ್ಯಾಕ ಹತ್ತಲಿ” ಎಂದಳು. ಕೂಸು ನಡೆಯಿತು. ಆಮೇಲೆ ಮಾತು ಬರಲಿ ಎಂದಾಯಿತು. ಮಾತು ಬಂತು, ಎಲ್ಲವೂ ಮರಾಠಿಯಲ್ಲಿ. ಈಗ ಶಾಲೆಗೆ ಸೇರಲಿ ಎಂಬಲ್ಲಿಗೆ ಬಂದು ನಿಂತಿದೆ. ತಪ್ಪು ಯಾರದು? ಯಾರದೂ ಅಲ್ಲ. ಮಗಳಿಗೆ ನೌಕರಿ ಬೇಕು, ಕೂಸಿಗೆ ಅಜ್ಜಿ ಬೇಕು.

ತೊಂದರೆ ಏನೆಂದರೆ, ಇಂಥ ಒಂಟಿತನಕ್ಕೆ ಸಮಾಜದಲ್ಲಿ ಮರ್ಯಾದೆ ಇಲ್ಲ. ಹೆಂಡತಿ ತೀರಿಕೊಂಡರೆ ಜನ ಬಂದು ಕೈ ಹಿಡಿದು ಸಮಾಧಾನ ಹೇಳುತ್ತಾರೆ. ಮೊಮ್ಮಗಳನ್ನು ನೋಡಿಕೊಳ್ಳಲು ಹೋದರೆ ಪೇಢೆ ಕೇಳುತ್ತಾರೆ. “ಮಜಾ ಅದ ಸಾವಕಾರ್ರ ನಿಮ್ದು, ಕೇಳವರಿಲ್ಲ, ಹೇಳವರಿಲ್ಲ” ಎನ್ನುತ್ತಾರೆ. ನಾನೂ ನಗುತ್ತೇನೆ. ನಕ್ಕು ಮನೆಗೆ ಬಂದು, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡು ಜೋಳದ ಕಡಕ್ ಭಾಕರಿ ಮುರಿಯುತ್ತೇನೆ. ಖಾಲಿ ಮನೆಯಲ್ಲಿ ಕಡಕ್ ಭಾಕರಿ ಮುರಿದರೆ ಎಷ್ಟು ಸಪ್ಪಳವಾಗುತ್ತದೆ ಎಂದು ನಿಮಗೆ ಗೊತ್ತೇ?

ವಿಡಿಯೊ ಕಾಲ್ ಇದೆಯಲ್ಲ ಎನ್ನಬೇಡಿ. ಅದರಲ್ಲಿ ನನಗೆ ಕಾಣುವುದು ಮೊಮ್ಮಗಳ ಅರ್ಧ ಹಣೆ ಮತ್ತು ಪುಣೆಯ ಸೀಲಿಂಗ್ ಫ್ಯಾನ್. ಹಿಂದಿನಿಂದ ಎಲ್ಲೋ ಶಶಿಕಲಾಳ ಧ್ವನಿ ಬರುತ್ತದೆ. “ಊಟ ಆತ್ರ್ಯಾ?” ನಾನು “ಆತು” ಎನ್ನುತ್ತೇನೆ. ಆಕೆ ದೂರದಿಂದ “ಹೂಂ” ಎನ್ನುತ್ತಾಳೆ. ಇಷ್ಟು ವರ್ಷದ ಸಂಸಾರ ಈಗ ಇಷ್ಟಕ್ಕೆ ಬಂದಿದೆ.

ಆಕೆ ಹೋದಮೇಲೂ ಭಾನುವಾರದ ಕೆಲಸ ನಾನು ಬಿಡಲಿಲ್ಲ. ಆದರೆ ಚೈನ್ ನೋಡುವಾಗ ಸೀಟಿನ ಮೇಲೆ ಕೂರುವವರು ಯಾರು? ಮೊಬೈಲಿನಲ್ಲಿ ರಿಪೇರಿಯ ವಿಡಿಯೊ ಹಾಕಿದೆ. ಅದರಲ್ಲಿದ್ದವನು ಹಲ್ಲು ಕಿರಿದು, ಈಗ ಮನೆಯಲ್ಲಿರುವ ಯಾರನ್ನಾದರೂ ಕರೆದು ಸೀಟಿನ ಮೇಲೆ ಕೂರಿಸಿ ಎಂದ. ಅಲ್ಲಿಗೆ ಬಂದ್ ಮಾಡಿದೆ. ಯಾರನ್ನಾದರೂ ಎಂದರೆ ಯಾರನ್ನು? ಕರೆದಿದ್ದರೆ ಮಾಸ್ತರರು ಬಂದು ಕೂರುತ್ತಿದ್ದರೇನೋ. ಕರೆಯಲು ನಾಚಿಕೆಯಾಯಿತು.

ಅಂಗಡಿಯವನ ತಲೆ ಅಂಗಡಿಯ ಕಡೆಗೇ ಓಡುತ್ತದೆ. ಗೋದಾಮಿನಿಂದ ಚಾದರದ ಒಂದು ಗಂಟು ತಂದು ಸೀಟಿಗೆ ಹಗ್ಗದಿಂದ ಬಿಗಿದೆ. ತೂಕ ಹೆಚ್ಚುಕಡಿಮೆ ಶಶಿಕಲಾಳಷ್ಟೇ. (ಇದನ್ನು ಆಕೆಗೆ ಹೇಳಬೇಡಿ.) ಮಾಸ್ತರರು ಬಾಗಿಲಲ್ಲಿ ನಿಂತೇ ಕೂಗಿದರು: “ಏನ್ರಿ ಸಾವಕಾರ್ರ, ಚಾದರಕ್ಕ ಗಾಡಿ ಹೊಡ್ಯಾಕ ಕಲಿಸಾಕತ್ತೀರೇನು?”

ಚೈನೇನೋ ಸರಿಯಾಯಿತು. ಆದರೆ ಗುರುವಾರದ ಸವಾರಿ ಕೆಟ್ಟಿತ್ತು. ಸೋಲಾಪುರದಿಂದ ಅಕ್ಕಲಕೋಟದ ರಸ್ತೆ ಈಗ ಅಗಲವಾಗಿದೆ, ನುಣ್ಣಗೂ ಇದೆ. ಆದರೂ ಊರಿನ ಮುಂದೆ ಹಂಪ್ ಬಂದರೆ, ಸೇತುವೆಯ ಜೋಡಣೆ ಬಂದರೆ, ಗಾಡಿ ನನ್ನನ್ನು ಎತ್ತಿ ಒಗೆಯುತ್ತಿತ್ತು. ಸೊಂಟ ಹಿಡಿದುಕೊಂಡಿತು. ಟೈರ್ ನೋಡಿದೆ, ಗಾಳಿ ಇಳಿಸಿದೆ, ಸೀಟಿನ ಸ್ಪಂಜು ಬದಲಿಸಿದೆ. ವಯಸ್ಸಾಯಿತು ಎಂದೂ ಅಂದುಕೊಂಡೆ. ಕೊನೆಗೆ ನಾಚಿಕೆ ಬಿಟ್ಟು ಶೋರೂಂ ಮೆಟ್ಟಿಲು ಹತ್ತಿದೆ.

ಆ ಗಾಜಿನ ಕೋಣೆಯನ್ನು ನೀವು ನೋಡಿರಬೇಕು. ಮೆಷಿನ್ ಕಾಫಿ ಉಂಟು, ಟಿವಿ ಉಂಟು, ಸೋಫಾ ಉಂಟು. ಕೂತವರೆಲ್ಲ ಬೇರೆ ಬೇರೆ ಕೂತಿದ್ದರು. ಒಬ್ಬರಾದರೂ ಇನ್ನೊಬ್ಬರಿಗೆ “ನಿಮ್ಮ ಗಾಡಿಗೇನಾಗಿದೆ” ಎಂದು ಕೇಳಲಿಲ್ಲ. ಗಾಡಿ ಒಳಗೆಲ್ಲೋ, ನಾವು ಹೊರಗೆ. ಅದನ್ನು ಯಾರು ಬಿಚ್ಚಿದರು, ಏನು ನೋಡಿದರು, ತಿಳಿಯುವಂತಿಲ್ಲ. ಮಧ್ಯಾಹ್ನ ನನ್ನ ಟೋಕನ್ ಕರೆದರು. ಗಾಡಿ ಹೊಳೆಯುತ್ತಿತ್ತು. ಹುಡುಗಿ ನಗುತ್ತ ಹೇಳಿದಳು: “ಕಾಕಾ, ಕಾಹೀಚ್ ಪ್ರಾಬ್ಲೆಮ್ ನಾಹೀ. ಸ್ಪ್ರಿಂಗ್ ಡಬಲ್ ಸೀಟಾಲಾ ಪರ್ಫೆಕ್ಟ್ ಆಹೇ.”

ಏನೂ ತೊಂದರೆ ಇಲ್ಲ. ಇಬ್ಬರಿಗೆ ಸರಿಯಾಗಿ ಇದೆ.

ಹೊಸ್ತಿಲ ಹತ್ತಿರ ಹಾಗೇ ನಿಂತೆ. ಆ ಸ್ಪ್ರಿಂಗ್ ಬಿಗಿ ಮಾಡಿದವನು ನಾನೇ. ಎಷ್ಟೋ ವರ್ಷದ ಹಿಂದೆ ಶಶಿಕಲಾ “ಹಿಂದ ಕುಂತ್ರ ಕೆಳಗ ಬಡೀತದ್ರಿ” ಎಂದಿದ್ದಳು. ಆ ಭಾನುವಾರವೇ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ತಿರುಗಿಸಿ ಬಿಗಿ ಮಾಡಿದ್ದೆ. ಅದು ಅಂದಿನಿಂದ ಇಬ್ಬರನ್ನು ಹೊರಲು ತಯಾರಾಗಿ ನಿಂತಿದೆ. ಹತ್ತುತ್ತಿರುವವನು ಒಬ್ಬ. ಅದಕ್ಕೇ ಒದೆಯುತ್ತಿದೆ.

ಸ್ವಂತ ರಿಪೇರಿಯ ಬಗ್ಗೆ ನಾನು ಇಷ್ಟು ಹೊಗಳಿ ಬರೆದೆನಲ್ಲ, ಅದರ ಒಂದು ಕೊರತೆ ಆವತ್ತು ತಿಳಿಯಿತು. ಅಲ್ಲಿ ಮೆಕ್ಯಾನಿಕ್ ನೀವೇ, ಗಿರಾಕಿಯೂ ನೀವೇ. ನಿಮಗೆ ಬೇಡವಾದ ಪ್ರಶ್ನೆಯನ್ನು ಕೇಳುವವರು ಯಾರೂ ಇಲ್ಲ. ದುಡ್ಡು ಕೊಟ್ಟರೆ ಮಾತ್ರ ಯಾರೋ ಗುರುತಿಲ್ಲದ ಹುಡುಗಿ ಅದನ್ನು ಕೇಳಿಬಿಡುತ್ತಾಳೆ.

ಈಗ ಏನು ಮಾಡಬೇಕಿತ್ತು? ಸ್ಪ್ರಿಂಗ್ ಸಡಿಲ ಮಾಡಬೇಕಿತ್ತು. ಸಣ್ಣ ಕೆಲಸ. ಪಾನಾ ಕೈಯಲ್ಲಿ ಹಿಡಿದೂ ನೋಡಿದೆ. ಆಗಲಿಲ್ಲ. ಸಡಿಲ ಮಾಡಿದರೆ ಆಕೆ ಇನ್ನು ಬರುವುದಿಲ್ಲ ಎಂದು ನಾನೇ ಸಹಿ ಹಾಕಿಕೊಟ್ಟ ಹಾಗೆ ಅನ್ನಿಸಿತು. ನಗಬೇಡಿ. ಒಂಟಿ ಮನುಷ್ಯನ ಲೆಕ್ಕಗಳು ಹೀಗೇ ಇರುತ್ತವೆ.

ಬದಲಿಗೆ ಗುರುವಾರ ಬೆಳಿಗ್ಗೆ ಚಾದರದ ಗಂಟನ್ನೇ ಹಿಂದಿನ ಸೀಟಿಗೆ ಕಟ್ಟಿಕೊಂಡು ಅಕ್ಕಲಕೋಟಕ್ಕೆ ಹೊರಟೆ.

ಮತ್ತು ನಂಬಿ, ಗಾಡಿ ಬೆಣ್ಣೆಯ ಹಾಗೆ ಓಡಿತು! ಹಂಪ್ ಬಂದದ್ದೇ ತಿಳಿಯಲಿಲ್ಲ. ಎರಡೂ ಕಡೆ ಜೋಳ ತೆನೆ ಬಿಟ್ಟು ನಿಂತಿತ್ತು, ಚಳಿ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದರೆ ಒಂದೆರಡು ಸಲ ನಾನು “ಹೂಂ” ಎಂದೂ ಅಂದೆ.

ದಾರಿಯ ನಡುವೆ ವಳಸಂಗದ ಬಸ್ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹೆಂಗಸು ಬಂದಳು. ನನ್ನಷ್ಟೇ ವಯಸ್ಸು, ಕೈಯಲ್ಲಿ ಹಸಿ ಕಡಲೆ ಗಿಡದ ಸೂಡು. ಬೀರವ್ವ ಎಂದು ಹೆಸರು, ಕುರಿ ಸಾಕುವ ಮನೆಯವಳು ಎಂದು ಆಮೇಲೆ ತಿಳಿಯಿತು.

“ಸಾವಕಾರ್ರ, ಅಕ್ಕಲಕೋಟಕ್ಕ ಹೊಂಟೀರೇನು? ಎಸ್ಟಿ ಬಸ್ಸ ಬರವಲ್ದು. ಮಗಳ ಮನಿಗಿ ಹೋಗೂದೈತಿ, ಕರಕೊಂಡ ಹೋಗ್ರಿ.”

“ಜಾಗಾ ಇಲ್ಲವ್ವ” ಎಂದೆ.

“ಈ ಗಂಟ ಯಾರಿಗಿ ಒಯ್ಯಾಕತ್ತೀರಿ?”

“ಯಾರಿಗೂ ಇಲ್ಲ.”

“ಮಾರಾಕ ಏನು?”

“ಅಲ್ಲವ್ವ.”

“ಮತ್ತ ಯಾಕ ಹೇರ್ಕೊಂಡ ಹೊಂಟೀರಿ?”

ಸುಳ್ಳು ಹೊಳೆಯಲಿಲ್ಲ. “ಹಿಂದ ವಜ್ಜಿ ಇಲ್ಲಂದ್ರ ಗಾಡಿ ಎತ್ತಿ ಒಗೀತದ, ಅದಕ್ಕ” ಎಂದೆ.

ಬೀರವ್ವ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. “ವಜ್ಜಿ ಬೇಕಂದ್ರ ಊರಾಗ ಮನಷ್ಯಾರ ಇಲ್ಲೇನ್ರಿ?” ಎಂದವಳೇ ಹಗ್ಗ ಬಿಚ್ಚಲು ಶುರುಮಾಡಿದಳು. ಆಕೆಗೆ ಆಗಬೇಕಾದದ್ದು ಅಕ್ಕಲಕೋಟದ ಸವಾರಿ, ನನ್ನ ಉದ್ಧಾರವಲ್ಲ. ಚಹಾ ಅಂಗಡಿಯವನು “ಇಲ್ಲೇ ಇಡ್ರಿ, ಬರೂ ಮುಂದ ಒಯ್ರಿ” ಎಂದ. ಗಂಟು ಬೆಂಚಿನ ಮೇಲೆ ಕೂತಿತು, ಬೀರವ್ವ ಸೀಟಿನ ಮೇಲೆ ಕೂತಳು.

ದಾರಿಯುದ್ದಕ್ಕೂ ಅಳಿಯನನ್ನು ಬಯ್ದಳು. ಗಾಳಿಯಲ್ಲಿ ಅರ್ಧ ಕೇಳಲಿಲ್ಲ. ಕಡಲೆ ಸುಲಿದು ತಿನ್ನುತ್ತಿದ್ದಳು, ಸಿಪ್ಪೆ ನನ್ನ ಕುತ್ತಿಗೆಗೆ ಬಂದು ಬೀಳುತ್ತಿತ್ತು. ಒಮ್ಮೆ “ತಿಂತೀರೇನ್ರಿ?” ಎಂದು, ಉತ್ತರ ಕಾಯದೆ ನನ್ನ ಭುಜದ ಮೇಲಿಂದ ಕೈ ಚಾಚಿದಳು. ಅಂಗೈಯಲ್ಲಿ ನಾಲ್ಕು ಹಸಿ ಕಾಳು.

ಹಿಂದಿನಿಂದ ಹಾಗೆ ಒಂದು ಕೈ ಬಂದು ಎಷ್ಟು ದಿನವಾಗಿತ್ತು? ಶಶಿಕಲಾ ಸ್ವಾಮಿಗಳ ಮಠದಿಂದ ಬರುವಾಗ ಪ್ರಸಾದದ ಕೊಬ್ಬರಿಯನ್ನು ಹೀಗೇ ಕೊಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತು ಎಂದು ಬರೆಯಬಹುದು, ಬರೆಯುವುದಿಲ್ಲ.

ಅಕ್ಕಲಕೋಟದಲ್ಲಿ ಬೀರವ್ವ ಇಳಿದು, ಸೆರಗು ಝಾಡಿಸಿಕೊಂಡು, ತಿರುಗಿಯೂ ನೋಡದೆ ಹೋದಳು. ದರ್ಶನ ಮಾಡಿ ಹೊರಟೆ. ವಳಸಂಗದವರೆಗೆ ಹಿಂದೆ ಯಾರೂ ಇರಲಿಲ್ಲ, ಗಂಟೂ ಇರಲಿಲ್ಲ. ಗಾಡಿ ಪ್ರತಿ ಹಂಪಿಗೂ ಒದ್ದಿತು.

ಚಹಾ ಅಂಗಡಿಯಲ್ಲಿ ಗಂಟಿನ ಪಕ್ಕದಲ್ಲೇ ಕೂತೆ. ಅಂಗಡಿಯವನು ಚಹಾ ತಂದಿಟ್ಟ. ಇಷ್ಟು ದಿನ ಜನರಿಗೆ ನಕ್ಕು ತೋರಿಸಿದ್ದು ಸಾಕು ಅನ್ನಿಸಿತು. ಪುಣೆಗೆ ಫೋನ್ ಹಚ್ಚಿದೆ, ವಿಡಿಯೊ ಅಲ್ಲ.

“ಶಶೀ, ಶೋರೂಮಿನ್ಯಾಗ ಒಂದ್ ಮಾತ ಕೇಳಿದ್ರು.”

“ನೀವು ಶೋರೂಮಿಗಿ ಹೋಗಿದ್ರಿ?” ಆಕೆ ಗಾಬರಿಯಾದಳು. “ಆರಾಮ ಅದೀರಿಲ್ಲ?”

“ಆರಾಮ ಅದೀನಿ. ಸಿಂಗಲ್ಲೋ ಡಬಲ್ ಸೀಟೋ ಅಂತ ಕೇಳಿದ್ರು.”

“ನೀವೇನಂದ್ರಿ?”

“ಡಬಲ್ ಅಂದೆ.”

ಅತ್ತ ಕಡೆ ಆಕೆ ಟಿವಿಯ ಮರಾಠಿ ಬಾಲಗೀತೆಯ ಸದ್ದು ಇಳಿಸಿದಳು.

“ಹಂಗಾರ ಗಾಡಿ ಒದೀತಿರಬೇಕಲ್ರಿ ನಿಮಗ?”

ಆಕೆಗೆ ಹೇಗೆ ತಿಳಿಯಿತು ಎನ್ನಬೇಡಿ. ಅಷ್ಟು ಭಾನುವಾರ ಸೀಟಿನ ಮೇಲೆ ಕೂತವಳು ಬರೀ ಮೆಂತ್ಯೆ ಬಿಡಿಸಿರಲಿಲ್ಲ.

“ಒದೀತದ” ಎಂದೆ. ಆಮೇಲೆ, ಇಷ್ಟು ದಿನ “ಆತು” ಎಂದು ಮುಚ್ಚಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. “ನನಗ ಒಬ್ಬಾಂವಗ ಭಾಳ ಬ್ಯಾಸರ ಆಗ್ತದ, ಶಶೀ.”

“ನನಗೇನ ಆಗೂದಿಲ್ಲಂತ ತಿಳಕೊಂಡೀರೇನು?” ಆಕೆಯ ಧ್ವನಿ ಇಳಿಯಿತು. “ಅವರಿಬ್ರೂ ಮುಂಜಾನೆ ಆಫೀಸಿಗಿ ಹೋಗ್ತಾರ. ಕೂಸು ಮರಾಠಿ. ಇಷ್ಟ ಎತ್ತರದ ಬಿಲ್ಡಿಂಗಿನ್ಯಾಗ ನನ್ನ ಕೂಡ ಕನ್ನಡ ಮಾತಾಡವರು ಯಾರದಾರ? ಲಿಫ್ಟಿನ್ಯಾಗ ಕನ್ನಡಿ ಅದ, ಅದಕ್ಕ ಮಾತಾಡಸ್ತೀನಿ.”

ಈ ಕಡೆ ನಾನು ಗಂಟು ಕಟ್ಟಿಕೊಂಡು ಓಡಾಡುತ್ತಿದ್ದೆ, ಆ ಕಡೆ ಆಕೆ ಕನ್ನಡಿಯ ಜೊತೆ ಮಾತಾಡುತ್ತಿದ್ದಳು. ದಿನಾ ಊಟ ಆಯಿತೇ ಎಂದು ಕೇಳಿಕೊಂಡೆವು, ಇದನ್ನು ಮಾತ್ರ ಕೇಳಿಕೊಳ್ಳಲಿಲ್ಲ.

“ಸಿಂಗಲ್ ಮಾಡ್ರಿ” ಎಂದಳು ಶಶಿಕಲಾ.

“ಬ್ಯಾಡ.”

“ಸೊಂಟ ನಿಮ್ದು ನೋಯ್ತದ್ರಿ, ಮೊದಲ ಸಡ್ಲ ಮಾಡ್ರಿ. ನಾ ಬಂದಮ್ಯಾಲ ಮತ್ತ ಬಿಗಿ ಮಾಡಾಕ ಬರ್ತದಿಲ್ಲ?”

“ಬರ್ತದ. ಐದ್ ಮಿನಿಟಿನ ಕೆಲಸ.”

“ಮತ್ತ?”

ಯಾವಾಗ ಬರುತ್ತೇನೆಂದು ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೂಸು ಅತ್ತಿತು, ಫೋನು ಇಟ್ಟಳು.

ಭಾನುವಾರ ಓಣಿಯಲ್ಲಿ ಚಾದರ ಹಾಸಿ ಕೂತೆ. ಪಾನಾ ಹಾಕಿ ಮೊದಲು ಎಡಗಡೆ, ಆಮೇಲೆ ಬಲಗಡೆ ಸಡಿಲ ಮಾಡಿದೆ. ಸ್ಪ್ರಿಂಗ್ ಕಟ್ ಎಂದು ಕೆಳಗಿಳಿಯಿತು. ಒಳಗೆ ಹೋಗಿ, ನನಗೆ ಬರುವ ಹಾಗೆ ಚಹಾ ಮಾಡಿ, ಮಾಸ್ತರರನ್ನು ಕೂಗಿ ಕರೆದೆ. ಬಂದು ಕುಡಿದರು. ಚಹಾದಲ್ಲಿ ಸಕ್ಕರೆ ಕಡಿಮೆ ಎಂದರು, ಅದನ್ನು ಸ್ವಲ್ಪ ಸಡಿಲ ಮಾಡಿ ಎಂದೂ ಹೇಳಿದರು. ಆಗಿದೆ ಎಂದೆ. ಗಂಟು ಗೋದಾಮಿಗೆ ವಾಪಸು ಹೋಯಿತು.

ಒಂದು ಸುತ್ತು ಹೊಡೆದು ಬಂದೆ. ಗಾಡಿ ಒದೆಯುವುದಿಲ್ಲ, ಸೊಂಟ ಆರಾಮ. ಉಳಿದದ್ದು ಹಾಗೇ ಇದೆ.

ಸಾಮಾನೆಲ್ಲ ಒರೆಸಿ ಡಬ್ಬಿಗೆ ತುಂಬಿದೆ. ಆ ಒಂದು ಪಾನಾ ಮಾತ್ರ ಹೊರಗೆ, ಬಾಗಿಲ ಪಕ್ಕದ ಕಿಟಕಿಯಲ್ಲೇ ಇದೆ. ಐದು ನಿಮಿಷದ ಕೆಲಸ ಯಾವತ್ತು ಬರುತ್ತದೋ, ಒಳಗಿಡಲು ಅವಸರವೇನು, ನೀವೇ ಹೇಳಿ?